ತಪಸ್ಸು ಕಾಲದಲ್ಲಿ ಭರವಸೆಯಿಂದ ಪ್ರಾರ್ಥಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಹತ್ತಿರವಾದಂತೆ ಚರ್ಚಿನ ಧರ್ಮಕೇಂದ್ರಗಳಲ್ಲಿ ಎರಡು ಬಗೆಯ ಪ್ರಶ್ನೆಗಳು ಏಳುತ್ತವೆ. ಮೀನು ತಿನ್ನಬಹುದೇ, ಮೊಟ್ಟೆ ನಡೆಯುತ್ತದೆಯೇ ಎಂಬಂಥವನ್ನು ಜನ ಎಲ್ಲರೆದುರು ಜೋರಾಗಿಯೇ ಕೇಳುತ್ತಾರೆ. ಇನ್ನೊಂದು ಬಗೆಯವು ಚರ್ಚಿನ ಬಲಿಪೂಜೆ (ಮಾಸ್) ಮುಗಿದ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಅಕ್ಕಪಕ್ಕ ನೋಡಿ ಕೇಳುವಂಥವು: ಇಷ್ಟು ಪ್ರಾರ್ಥಿಸುತ್ತೇನೆ, ದೇವರಿಗೆ ಕೇಳಿಸುತ್ತಿದೆಯೇ? ಇಲ್ಲಿ ಮೊದಲ ಬಗೆಯವಕ್ಕೆ ಚುಟುಕಾಗಿಯೂ ಎರಡನೆಯವಕ್ಕೆ ವಿಸ್ತಾರವಾಗಿಯೂ ಉತ್ತರಿಸಲಾಗಿದೆ.

ನಲವತ್ತು ದಿನ ಎನ್ನುತ್ತೀರಿ, ಕ್ಯಾಲೆಂಡರಿನಲ್ಲಿ ಎಣಿಸಿದರೆ ನಲವತ್ತಾರು ಬರುತ್ತದೆ. ಯಾವುದು ಸರಿ?

ಎರಡೂ ಸರಿ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನ. ಅದರಲ್ಲಿ ಆರು ಭಾನುವಾರಗಳಿವೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅದನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದದ್ದು 40. ಯೇಸು ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೇ. 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18, ಪಾಸ್ಖ ಹಬ್ಬ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. ಕೇರಳ ಮೂಲದ ಸಿರಿಯನ್ ಸಭೆಗಳವರು ಬುಧವಾರಕ್ಕೆ ಕಾಯದೆ ಸೋಮವಾರದಿಂದಲೇ ವ್ರತ ಹಿಡಿಯುತ್ತಾರೆ.

ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬರುತ್ತದೆ?

ಹಿಂದಿನ ವರ್ಷದ ಗರಿಗಳ ಭಾನುವಾರದಿಂದ, ಅಂದರೆ ಪಾಸ್ಖಕ್ಕೆ ಮುಂಚಿನ ಭಾನುವಾರದಿಂದ. ಅಂದು ಮಂತ್ರಿಸಿ ಹಂಚಿದ ಗರಿಗಳನ್ನು ಮನೆಯಲ್ಲಿ ಶಿಲುಬೆಯ ಹಿಂದೆಯೋ ತಿರುಹೃದಯದ ಪಟದ ಹಿಂದೆಯೋ ಸಿಕ್ಕಿಸಿರುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅವು ಒಣಗಿ, ಮುಟ್ಟಿದರೆ ಪುಡಿಯಾಗುವಂತಾಗಿ, ಮೇಲೆ ಧೂಳು, ಜೇಡರ ಬಲೆ ಹತ್ತಿರುತ್ತದೆ. ಮಕ್ಕಳು ಮಡಚಿ ಹೆಣೆದ ಪುಟ್ಟ ಶಿಲುಬೆಗಳೂ ಅದರಲ್ಲಿರುತ್ತವೆ. ಬೂದಿ ಬುಧವಾರಕ್ಕೆ ಮುಂಚೆ ಎಲ್ಲವನ್ನೂ ಚರ್ಚಿಗೆ ತಂದು ಹಳೆಯ ಬಾಣಲೆಯಲ್ಲಿ ಸುಡುತ್ತಾರೆ. ಗರಿ ಭಗ್ಗನೆ ಹತ್ತಿಕೊಂಡು ಕ್ಷಣದಲ್ಲಿ ಮುಗಿದುಹೋಗುತ್ತದೆ. ಎರಡು ಚೀಲ ತುಂಬಿದ್ದ ಗರಿಯಿಂದ ಒಂದು ಬಟ್ಟಲು ಬೂದಿ ದೊರೆತರೆ ಹೆಚ್ಚು. ಅರೆಬೆಂದ ನಾರು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿದ ಮೇಲೆ ಗುರುಗಳ ಹೆಬ್ಬೆರಳಿಗೆ ಅಂಟುವ ನುಣುಪು ಬರುತ್ತದೆ. ಮಣ್ಣಿನಿಂದ ಬಂದವನು ಮಣ್ಣಿಗೆ ಮರಳುತ್ತಾನೆ ಎಂಬ ಮಾತನ್ನು ಆಗ ಕಿವಿಯಷ್ಟೇ ಅಲ್ಲ, ಹಣೆಯೂ ಕೇಳಿಸಿಕೊಳ್ಳುತ್ತದೆ.

ಈ ಕಾಲದಲ್ಲಿ ಮಾಡುವ ಪ್ರಾರ್ಥನೆಗೆ ಹೆಚ್ಚು ಶಕ್ತಿ ಇದೆಯೇ?

ಇಲ್ಲ. ಫೆಬ್ರವರಿಯಲ್ಲಿ ಕಿವಿಗೊಟ್ಟು ಜೂನ್‌ನಲ್ಲಿ ಕಿವಿ ಮುಚ್ಚಿಕೊಳ್ಳುವ ದೇವರು ನಮ್ಮವರಲ್ಲ. ಬದಲಾಗುವುದು ನಮ್ಮ ಸುತ್ತಲಿನ ಸದ್ದು. ಪೂಜೆಯಲ್ಲಿ ಅಲ್ಲೆಲೂಯ ಹಾಡುವುದಿಲ್ಲ, ಪೀಠದ ಮೇಲೆ ಹೂವಿಲ್ಲ, ಗುರುಗಳ ಉಡುಪು ನೇರಳೆ, ಶುಕ್ರವಾರ ಸಂಜೆ ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆ ಹಾದಿ. ಸದ್ದು ತಗ್ಗಿದಾಗ ನಾವು ನಿಜಕ್ಕೂ ಏನನ್ನು ಬೇಡುತ್ತಿದ್ದೇವೆ ಎಂಬುದು ನಮಗೇ ಕೇಳಿಸತೊಡಗುತ್ತದೆ. ಅದು ಯಾವಾಗಲೂ ಹಿತವಾಗಿರುತ್ತದೆ ಎಂದು ಹೇಳಲಾರೆ.

ಭರವಸೆಯಿಂದ ಪ್ರಾರ್ಥಿಸುವುದು ಎಂದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂದು ನಂಬುವುದೇ?

ಹಲವರು ಹಾಗೆ ತಿಳಿದಿದ್ದಾರೆ, ಕೆಲವು ವೇದಿಕೆಗಳಿಂದ ಹಾಗೆ ಬೋಧಿಸುವವರೂ ಇದ್ದಾರೆ. ಆದರೆ ತಪಸ್ಸು ಕಾಲವೆಲ್ಲ ನಮ್ಮನ್ನು ಕರೆದೊಯ್ಯುವುದು ಬಂಧನಕ್ಕೆ ಮುನ್ನ ಯೇಸು ಪ್ರಾರ್ಥಿಸಿದ ಗೆತ್ಸೆಮನೆ ತೋಟಕ್ಕೆ. ಅಲ್ಲಿ ಕೇಳಿದ್ದು ಸಿಗಲಿಲ್ಲ.

ಮಾರ್ಕನ ಶುಭಸಂದೇಶದ 14ನೇ ಅಧ್ಯಾಯದ 36ನೇ ವಚನವನ್ನು ನಿಧಾನವಾಗಿ ಓದಿ. ಒಂದೇ ವಚನ, ಅದರೊಳಗೆ ಒಂದು ಕ್ರಮವಿದೆ. ಮೊದಲು ಯೇಸು ದೇವರನ್ನು ‘ಅಪ್ಪಾ’ ಎಂದು ಕರೆಯುತ್ತಾರೆ. ಬಳಿಕ, ನಿಮಗೆ ಎಲ್ಲವೂ ಸಾಧ್ಯ ಎನ್ನುತ್ತಾರೆ. ಅನಂತರ ತಮಗೆ ಬೇಕಾದ್ದನ್ನು ನೇರವಾಗಿ ಕೇಳುತ್ತಾರೆ: ಈ ಪಾತ್ರೆಯನ್ನು, ಅಂದರೆ ಬರಲಿರುವ ಯಾತನೆಯನ್ನು, ನನ್ನಿಂದ ತೆಗೆದುಬಿಡಿ. ಕೊನೆಗೆ ಮಾತ್ರ, ಆದರೂ ನನ್ನ ಇಷ್ಟವಲ್ಲ, ನಿಮ್ಮ ಇಷ್ಟ.

ನಮ್ಮಲ್ಲಿ ಹೆಚ್ಚಿನವರು ಮೂರನೆಯದನ್ನು ಹಾರಿಸಿ ನಾಲ್ಕನೆಯದಕ್ಕೆ ಬಂದುಬಿಡುತ್ತೇವೆ. ‘ಎಲ್ಲಾ ನಿಮ್ಮ ಚಿತ್ತ ಸ್ವಾಮಿ’ ಎಂದರೆ ಭಕ್ತಿಯ ಮಾತು ಎನಿಸುತ್ತದೆ. ಎಷ್ಟೋ ವೇಳೆ ಅದು ಭಕ್ತಿಯಲ್ಲ, ಮುನ್ನೆಚ್ಚರಿಕೆ. ಕೇಳದಿದ್ದರೆ ನಿರಾಸೆಯೂ ಇಲ್ಲವಲ್ಲ! ಮಗಳ ಕ್ಯಾನ್ಸರ್ ವಾಸಿಯಾಗಲಿ ಎಂದು ಒಡಲು ಬಿಚ್ಚಿ ಕೇಳಲು ಧೈರ್ಯ ಬೇಕು. ಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಕೇಳಬೇಕು, ಆಮೇಲೆ ಕೈ ಬಿಚ್ಚಿ ಕೊಡಬೇಕು. ಯೇಸು ಇದನ್ನು ಒಂದು ಸಾರಿ ಹೇಳಿ ಎದ್ದುಹೋಗಲಿಲ್ಲ. ಮೂರನೆಯ ಸಾರಿಯೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ಜೊತೆಗೆ ಎಚ್ಚರವಾಗಿರಬೇಕಾದ ಮೂವರು ಶಿಷ್ಯರು ಮೂರು ಸಾರಿಯೂ ನಿದ್ದೆಹೋಗಿದ್ದರು.

ಇನ್ನೊಂದು ವಿಷಯವಿದೆ. ಹಿಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದ 7ನೇ ವಚನ, ಯೇಸು ತಮ್ಮನ್ನು ಮರಣದಿಂದ ತಪ್ಪಿಸಬಲ್ಲವರಿಗೆ ಗಟ್ಟಿಯಾಗಿ ಅತ್ತು ಕಣ್ಣೀರಿನಿಂದ ಮೊರೆಯಿಟ್ಟರು, ಆ ಮೊರೆ ಆಲಿಸಲ್ಪಟ್ಟಿತು ಎನ್ನುತ್ತದೆ. ಪಾತ್ರೆ ತೊಲಗಲಿಲ್ಲ, ಶಿಲುಬೆ ತಪ್ಪಲಿಲ್ಲ. ಆದರೂ ಆಲಿಸಲ್ಪಟ್ಟಿತು ಎಂದೇ ಬರೆದಿದೆ. ಈ ಮಾತನ್ನು ಜೀರ್ಣಿಸಿಕೊಳ್ಳಲು ನಲವತ್ತು ದಿನ ಸಾಲುವುದಿಲ್ಲ.

‘ಕೇಳಿರಿ, ನಿಮಗೆ ಕೊಡಲಾಗುವುದು’ ಎಂದು ಯೇಸುವೇ ಹೇಳಿದ್ದಾರಲ್ಲ?

ಹೇಳಿದ್ದಾರೆ. ಅದನ್ನು ನಯಗಾರಿಕೆಯಿಂದ ಮೊಟಕು ಮಾಡುವುದು ತರವಲ್ಲ. ಆದರೆ ಲೂಕನ 11ನೇ ಅಧ್ಯಾಯದಲ್ಲಿ ಆ ಮಾತಿನ ಹಿಂದೆ ಏನಿದೆ, ಮುಂದೆ ಏನಿದೆ ನೋಡಿ. ಹಿಂದೆ, ನಡುರಾತ್ರಿ ಬಾಗಿಲು ತಟ್ಟಿ ಮೂರು ರೊಟ್ಟಿ ಸಾಲ ಕೇಳುವ ಗೆಳೆಯನ ಕಥೆ ಇದೆ. ಅವನು ಕೇಳುತ್ತಿರುವುದು ತನಗಾಗಿಯೂ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗಾಗಿ. ಮುಂದೆ, ಮಗ ಮೀನು ಕೇಳಿದರೆ ಹಾವು ಕೊಡುವ ತಂದೆ ಇದ್ದಾನೆಯೇ ಎಂಬ ಪ್ರಶ್ನೆ. ಕೊನೆಯಲ್ಲಿ, ಪರಲೋಕದ ತಂದೆ ತಮ್ಮನ್ನು ಕೇಳುವವರಿಗೆ ಪವಿತ್ರಾತ್ಮರನ್ನು ಕೊಡುತ್ತಾರೆ ಎಂಬ ವಾಗ್ದಾನ. ಕೊಡುವುದಾಗಿ ಮಾತುಕೊಟ್ಟದ್ದು ತಮ್ಮನ್ನೇ. ನಾವು ಬರೆದ ಪಟ್ಟಿಯನ್ನು ಸಾಲುಸಾಲಾಗಿ ಪೂರೈಸುತ್ತೇವೆ ಎಂದು ಅಲ್ಲಿ ಹೇಳಿಲ್ಲ.

ವರ್ಷಗಟ್ಟಲೆ ಒಂದೇ ವಿಷಯಕ್ಕೆ ಪ್ರಾರ್ಥಿಸುತ್ತಿದ್ದೇನೆ. ಉತ್ತರವಿಲ್ಲ. ಇನ್ನೂ ಯಾಕೆ ಕೇಳಬೇಕು?

ಇದಕ್ಕೆ ಸಮಾಧಾನ ಹೇಳುವ ಅವಸರ ಬೇಡ. ‘ದೇವರ ಸಮಯ ಬೇರೆ’ ಎಂಬ ಸಾಲನ್ನು ಸೂರ್ಯೋದಯದ ಚಿತ್ರದ ಮೇಲೆ ಅಂಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರು ಬಹಳ ಇದ್ದಾರೆ. ಮಕ್ಕಳಿಲ್ಲದ ದಂಪತಿಗಳಿಗೆ, ಕುಡಿತಕ್ಕೆ ಬಿದ್ದ ಮಗನ ತಾಯಿಗೆ ಅದು ಉತ್ತರವೇ ಅಲ್ಲ.

ತಪಸ್ಸು ಕಾಲದ ಐದನೆಯ ಭಾನುವಾರ, ವಾಚನಗಳ ಮೂರು ವರ್ಷದ ಸರದಿಯ ‘ಎ’ ವರ್ಷದಲ್ಲಿ, ಯೊವಾನ್ನನ 11ನೇ ಅಧ್ಯಾಯವನ್ನು ಓದುತ್ತಾರೆ. 2026ರಲ್ಲಿ ಅದು ಮಾರ್ಚ್ 22. ಲಾಜರನ ಕಾಯಿಲೆಯ ಸುದ್ದಿಯನ್ನು ಅವನ ಅಕ್ಕತಂಗಿಯರಾದ ಮಾರ್ತಾ ಮತ್ತು ಮರಿಯ ಯೇಸುವಿಗೆ ಹೇಳಿಕಳಿಸುತ್ತಾರೆ. ಬಂದು ಗುಣಪಡಿಸಿ ಎಂದೂ ಕೇಳುವುದಿಲ್ಲ. ನಿಮಗೆ ಪ್ರಿಯನಾದವನು ಕಾಯಿಲೆ ಬಿದ್ದಿದ್ದಾನೆ, ಇಷ್ಟೇ. ಸುದ್ದಿ ತಲುಪಿದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ಉಳಿಯುತ್ತಾರೆ. ಅವರ ಊರಾದ ಬೆಥಾನಿಯಕ್ಕೆ ಬರುವಷ್ಟರಲ್ಲಿ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನ ಕಳೆದಿದೆ.

ಮಾರ್ತಾ ಎದುರುಗೊಳ್ಳಲು ಹೋಗಿ ಮೊದಲು ಆಡುವ ಮಾತು, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದೇ ಮಾತನ್ನು ಆಡುತ್ತಾಳೆ. ಆ ನಾಲ್ಕು ದಿನ ಮನೆಯೊಳಗೆ ಇಬ್ಬರೂ ಎಷ್ಟು ಸಾರಿ ಹೀಗೆ ಹೇಳಿಕೊಂಡಿರಬಹುದು ಎಂದು ಊಹಿಸಬಹುದು. ಯೇಸು ಇಬ್ಬರನ್ನೂ ಗದರುವುದಿಲ್ಲ. ಮಾರ್ತಾಳೊಂದಿಗೆ ಪುನರುತ್ಥಾನದ ಮಾತನಾಡುತ್ತಾರೆ, ಮರಿಯಳ ಮುಂದೆ ಕಣ್ಣೀರಿಡುತ್ತಾರೆ. ಒಬ್ಬರಿಗೆ ಮಾತು ಬೇಕಿತ್ತು, ಇನ್ನೊಬ್ಬರಿಗೆ ಬೇಕಿರಲಿಲ್ಲ.

ನನಗೆ ಅಚ್ಚುಮೆಚ್ಚು ಮಾರ್ತಾಳೇ. ಈಗಲೂ ನೀವು ಕೇಳಿದ್ದನ್ನು ದೇವರು ಕೊಡುತ್ತಾರೆಂದು ಬಲ್ಲೆ ಎಂದು ಹೇಳಿದವಳು ಅವಳೇ. ಕಲ್ಲನ್ನು ತೆಗೆಯಿರಿ ಎಂದಾಗ, ಬೇಡ, ನಾಲ್ಕು ದಿನವಾಗಿದೆ, ನಾರುತ್ತದೆ ಎಂದು ತಡೆದವಳೂ ಅವಳೇ. ಅವಳ ಭರವಸೆಯಲ್ಲಿ ಆಕ್ಷೇಪಣೆಯೂ ಇತ್ತು, ಮನೆಯೊಡತಿಯ ವ್ಯವಹಾರಜ್ಞಾನವೂ ಇತ್ತು. ಅಷ್ಟು ಸಾಕಾಯಿತು.

ನಮ್ಮ ಸಮಾಧಿಗಳಲ್ಲಿ ಬಹುಪಾಲು ತೆರೆಯುವುದಿಲ್ಲ ಎಂಬುದು ನಿಜ. ಲಾಜರನೂ ಮುಂದೆ ಒಂದು ದಿನ ಸತ್ತಿರಲೇಬೇಕು. ಆದ್ದರಿಂದ ಈ ಕಥೆಯನ್ನು ‘ತಡವಾದರೂ ಸಿಗುತ್ತದೆ’ ಎಂಬ ಖಾತರಿಪತ್ರದಂತೆ ಓದಬೇಡಿ. ತಡವಾಗಿ ಬಂದವರ ಎದುರಿಗೇ ಹೋಗಿ ದೂರು ಹೇಳಿದ ಇಬ್ಬರು ಹೆಂಗಸರ ಕಥೆಯಾಗಿ ಓದಿ. ಅವರು ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ.

ನಂಬಿಕೆ ಸಾಲದ್ದರಿಂದಲೇ ಕಾಯಿಲೆ ವಾಸಿಯಾಗಲಿಲ್ಲ ಎಂದು ಪ್ರಾರ್ಥನಾ ಕೂಟದಲ್ಲಿ ಹೇಳಿದರು. ನಿಜವೇ?

ನಿಜವಲ್ಲ. ಇದು ಗಾಯದ ಮೇಲೆ ಉಪ್ಪು ಸವರುವ ಮಾತು. ಸಂತ ಪೌಲರು ತಮ್ಮ ದೇಹದ ಮುಳ್ಳನ್ನು, ಅಂದರೆ ಬಿಡದೆ ಕಾಡಿದ ಬಾಧೆಯನ್ನು, ತೆಗೆಯಬೇಕೆಂದು ಮೂರು ಸಾರಿ ಬೇಡಿದರು. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು, ಮುಳ್ಳು ಉಳಿಯಿತು. ಪೌಲರಿಗೆ ನಂಬಿಕೆ ಸಾಲದಾಗಿತ್ತು ಎಂದು ಹೇಳುವ ಎದೆಗಾರಿಕೆ ಯಾರಿಗಿದೆ? ಮಾರ್ಕನ 9ನೇ ಅಧ್ಯಾಯದಲ್ಲಿ ಮೂರ್ಛೆ ಬೀಳುವ ಹುಡುಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ನನಗೆ ನೆರವಾಗಿ ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗಿ ಹೇಳಿದ. ಅವನ ಮಗ ಗುಣವಾದ.

ಮಾತ್ರೆ ನಿಲ್ಲಿಸಿ, ದೇವರನ್ನು ನಂಬಿ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ಕೇಳಬೇಡಿ. ವೈದ್ಯನನ್ನು ಗೌರವಿಸು, ಮದ್ದನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ ಎಂದು ಕಥೋಲಿಕ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ.

ಹರಕೆ ಹೊತ್ತು ಪ್ರಾರ್ಥಿಸಬಹುದೇ?

ನಮ್ಮ ನೆಲದಲ್ಲಿ ಹರಕೆಯಿಲ್ಲದ ಭಕ್ತಿಯನ್ನು ಹುಡುಕುವುದು ಕಷ್ಟ. ವೇಳಾಂಕಣಿಗೆ ನಡೆದುಹೋಗುವವರು, ಕಾರ್ಕಳದ ಅತ್ತೂರಿಗೆ ಮೇಣದ ಬತ್ತಿ ಹೊತ್ತು ಬರುವವರು, ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಗುಡಿಗೆ ಪ್ರತಿ ಗುರುವಾರ ಹೋಗುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಬೈಬಲಿನಲ್ಲಿ ಮಕ್ಕಳಿಲ್ಲದ ಹನ್ನಳೂ ಮಗುವಿಗಾಗಿ ಹರಕೆ ಹೊತ್ತಳು. ತುಟಿ ಮಾತ್ರ ಅಲುಗಿಸುತ್ತಾ ಪ್ರಾರ್ಥಿಸುತ್ತಿದ್ದ ಅವಳನ್ನು ಯಾಜಕ ಏಲಿ ಕುಡಿದಿದ್ದಾಳೆಂದು ಬೈದ. ದೇವಾಲಯದಿಂದ ಹೊರಟಾಗ ಅವಳಿಗಿನ್ನೂ ಏನೂ ಸಿಕ್ಕಿರಲಿಲ್ಲ. ಆದರೂ ಹೋಗಿ ಊಟ ಮಾಡಿದಳು, ಮುಖದ ಕಳೆ ಬದಲಾಯಿತು ಎಂದು ಬರೆದಿದೆ. ಹರಕೆಯನ್ನು ಅವಳಂತೆ ಹೊತ್ತರೆ ತಪ್ಪಿಲ್ಲ.

ತಪ್ಪು ಇರುವುದು ಷರತ್ತಿನಲ್ಲಿ. ತಪಸ್ಸು ಕಾಲದ ಮೊದಲ ಭಾನುವಾರ ಮರುಭೂಮಿಯ ಶೋಧನೆಯ ಕಥೆ ಓದುತ್ತಾರೆ. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೇವದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎನ್ನುತ್ತಾನೆ. ಅವನು ಆಡಿದ್ದು ಸ್ವಂತ ಮಾತಲ್ಲ, 91ನೇ ಕೀರ್ತನೆ! ಭರವಸೆಯ ಕೀರ್ತನೆಯನ್ನೇ ಬಳಸಿ ದೇವರನ್ನು ಪರೀಕ್ಷೆಗೆ ಒಡ್ಡುವ ಆಮಿಷ ಅದು. ಯೇಸು ಧುಮುಕಲಿಲ್ಲ. ‘ಇಂಥ ತಾರೀಖಿನೊಳಗೆ ಕೆಲಸ ಸಿಕ್ಕರೆ ನೀನಿದ್ದೀಯ, ಇಲ್ಲದಿದ್ದರೆ ಇಲ್ಲ’ ಎಂಬ ಪ್ರಾರ್ಥನೆ ಆ ಶಿಖರದ ಅಂಚಿನಲ್ಲಿ ನಿಂತು ಮಾಡಿದ ಪ್ರಾರ್ಥನೆ. ಮೇಲ್ನೋಟಕ್ಕೆ ಅಪಾರ ನಂಬಿಕೆಯಂತೆ ಕಾಣುತ್ತದೆ, ಒಳಗೆ ಇರುವುದು ಅನುಮಾನ.

ದೇವರ ಮೇಲೆ ಸಿಟ್ಟು ಬಂದಿದೆ. ಹಾಗೆಂದು ಪ್ರಾರ್ಥನೆಯಲ್ಲಿ ಹೇಳಿದರೆ ಪಾಪವೇ?

ಅಲ್ಲ. ಹೇಳದೆ ಹಲ್ಲು ಕಚ್ಚಿಕೊಂಡು ಸ್ತೋತ್ರ ಪಠಿಸುವುದಕ್ಕಿಂತ ಹೇಳುವುದೇ ಮೇಲು. ಕೀರ್ತನೆ 13 ಕೇವಲ ಆರು ವಚನಗಳದ್ದು, ಇನ್ನೆಷ್ಟು ಕಾಲ ಎಂದು ನಾಲ್ಕು ಸಾರಿ ಕೇಳಿಯೇ ಅದು ಶುರುವಾಗುತ್ತದೆ. ಕೀರ್ತನೆ 88 ಇನ್ನೂ ಕಟುವಾದದ್ದು. ಬೇರೆ ಮೊರೆಯ ಕೀರ್ತನೆಗಳಂತೆ ಅದು ಕೊನೆಗೆ ಸ್ತುತಿಗೆ ಹೊರಳುವುದಿಲ್ಲ, ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಯಾರೂ ಅದನ್ನು ಬೈಬಲಿನಿಂದ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಕೀರ್ತನೆ 22ರ ಮೊದಲ ಸಾಲನ್ನೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟಿರಿ ಎಂದು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಶುಭ ಶುಕ್ರವಾರ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುವಾಗ ಇದು ನಾಲ್ಕನೆಯದಾಗಿ, ಸರಿಯಾಗಿ ನಡುವೆ ಬರುತ್ತದೆ.

ಪ್ರಾರ್ಥಿಸಲು ಕುಳಿತರೆ ಏನೂ ಅನಿಸುವುದಿಲ್ಲ. ಗೋಡೆಯೊಂದಿಗೆ ಮಾತನಾಡಿದಂತಾಗುತ್ತದೆ.

ಅನಿಸಿಕೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಕೋಲ್ಕತಾದ ಮದರ್ ತೆರೆಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಬಳಿಕ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ, ಅವರು ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ಒಳಗೊಳಗೇ ಕತ್ತಲಲ್ಲಿ ನಡೆದಿದ್ದರು ಎಂಬುದು ಲೋಕಕ್ಕೆ ತಿಳಿಯಿತು. ಆ ದಶಕಗಳಲ್ಲೂ ಬೆಳಗಿನ ಪ್ರಾರ್ಥನೆ ತಪ್ಪಿಸಲಿಲ್ಲ, ಬೀದಿಯಲ್ಲಿ ಬಿದ್ದವರನ್ನು ಎತ್ತುವುದನ್ನೂ ಬಿಡಲಿಲ್ಲ. ಚರ್ಚು ಅವರನ್ನು 2016ರಲ್ಲಿ ಸಂತರೆಂದು ಘೋಷಿಸಿತು. ಆ ಕತ್ತಲು ಅದಕ್ಕೆ ಅಡ್ಡಿಯಾಗಲಿಲ್ಲ.

ಮನಸ್ಸು ಅಲೆದರೆ ಅಲೆದ ಜಾಗವನ್ನೇ ಪ್ರಾರ್ಥನೆಗೆ ತನ್ನಿ. ಮನೆ ಸಾಲದ ಕಂತು ನೆನಪಾಯಿತೇ? ಕಂತಿನ ಬಗ್ಗೆಯೇ ದೇವರೊಂದಿಗೆ ಮಾತನಾಡಿ. ಮಾತೇ ಹೊರಡದಿದ್ದಾಗ ಏನು ಮಾಡಬೇಕೆಂಬುದಕ್ಕೆ ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯ ನೋಡಿ. ನಮಗೆ ಪ್ರಾರ್ಥಿಸಲು ಬರುವುದಿಲ್ಲ, ಪವಿತ್ರಾತ್ಮರೇ ನಮ್ಮ ಪರವಾಗಿ ನಿಟ್ಟುಸಿರಿಡುತ್ತಾರೆ ಎಂದು ಅಲ್ಲಿ ಪೌಲರೇ ಒಪ್ಪಿಕೊಳ್ಳುತ್ತಾರೆ.

ಉಪವಾಸದ ನಿಯಮವೇನು? ಮೀನು, ಮೊಟ್ಟೆ ನಡೆಯುತ್ತದೆಯೇ?

ನಡೆಯುತ್ತದೆ. ಲ್ಯಾಟಿನ್ (ರೋಮನ್) ವಿಧಿಯ ಕಥೋಲಿಕರಿಗೆ ಸಾಮಾನ್ಯ ನಿಯಮ ಇಷ್ಟು: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಅಂದರೆ ಒಂದು ಹೊತ್ತು ಪೂರ್ತಿ ಊಟ, ಉಳಿದೆರಡು ಹೊತ್ತು ಅಲ್ಪಾಹಾರ. ಇದು 18 ತುಂಬಿದವರಿಂದ 59 ತುಂಬುವವರೆಗೆ. ಆ ಎರಡು ದಿನ ಮತ್ತು ತಪಸ್ಸು ಕಾಲದ ಶುಕ್ರವಾರಗಳಂದು 14 ತುಂಬಿದವರು ಮಾಂಸ ತಿನ್ನುವಂತಿಲ್ಲ. ಮಧುಮೇಹಿಗಳು, ಗರ್ಭಿಣಿಯರು, ಬಾಣಂತಿಯರು, ಮೈಮುರಿದು ದುಡಿಯುವವರು ಹಠಕ್ಕೆ ಬೀಳಬೇಕಾಗಿಲ್ಲ. ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಮೀನಿನ ಫ್ರೈ ತರಿಸಿಕೊಂಡರೆ ನಿಯಮ ಮುರಿಯುವುದಿಲ್ಲ, ಉಪವಾಸದ ಅರ್ಥ ಮಾತ್ರ ಎಲ್ಲೋ ಜಾರಿಹೋಗುತ್ತದೆ.

ಹೊಟ್ಟೆ ಹಸಿಯುವುದಕ್ಕೂ ಭರವಸೆಗೂ ಏನು ಸಂಬಂಧ?

ಹಸಿವಾದಾಗ ನಮ್ಮ ಕೈ ಮೊದಲು ಯಾವುದರ ಕಡೆಗೆ ಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಕೆಲವರಿಗೆ ಸಿಡುಕು, ಕೆಲವರಿಗೆ ಮೊಬೈಲ್. ನಾವು ದಿನವಿಡೀ ಯಾವುದನ್ನು ನೆಚ್ಚಿಕೊಂಡಿದ್ದೇವೆ ಎಂಬುದು ಆಗ ಬಯಲಾಗುತ್ತದೆ. ಬೂದಿ ಬುಧವಾರದ ಮರುದಿನವಲ್ಲ, ಅದರಾಚೆಯ ಶುಕ್ರವಾರ ಓದುವ ಯೆಶಾಯನ 58ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉಪವಾಸ ಮಾಡಿದ್ದೇವೆ, ನೀವೇಕೆ ನೋಡಲಿಲ್ಲ ಎಂದು ಜನ ದೇವರನ್ನೇ ದೂರುತ್ತಾರೆ. ಉಪವಾಸದ ದಿನವೂ ನಿಮ್ಮ ಆಳುಗಳನ್ನು ಹಿಂಡುತ್ತೀರಲ್ಲ ಎಂಬುದು ಉತ್ತರ. ಮನೆಗೆಲಸದವರ ಸಂಬಳ ಬಾಕಿ ಇಟ್ಟುಕೊಂಡವರು ಜಪಸರ ಹಿಡಿಯುವ ಮುನ್ನ ಪರ್ಸ್ ತೆಗೆಯುವುದು ಒಳ್ಳೆಯದು.

ದಿನಕ್ಕೆ ಹತ್ತು ನಿಮಿಷವಷ್ಟೇ ಸಿಗುತ್ತದೆ. ಏನು ಮಾಡಲಿ?

ಧಾರಾಳವಾಯಿತು. ಹಾಲು ಬರುವುದಕ್ಕೆ ಮುಂಚೆಯೋ ಮಕ್ಕಳು ಮಲಗಿದ ಮೇಲೋ, ದಿನವೂ ಅದೇ ಹೊತ್ತು, ಅದೇ ಕುರ್ಚಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಒಂದು ಕೀರ್ತನೆ ಅಥವಾ ಅಂದಿನ ಶುಭಸಂದೇಶವನ್ನು ಬಾಯಿಬಿಟ್ಟು ಓದಿ. ಗೆತ್ಸೆಮನೆಯ ಕ್ರಮ ನೆನಪಿಸಿಕೊಂಡು, ಇವತ್ತು ನನಗೆ ಬೇಕಿರುವುದು ಇದು ಎಂದು ಒಂದೇ ಒಂದು ವಿಷಯವನ್ನು ಹೆಸರಿಟ್ಟು ಕೇಳಿ. ‘ಎಲ್ಲರನ್ನೂ ಆಶೀರ್ವದಿಸಿ’ ಎಂದು ತೇಲಿಸಬೇಡಿ. ಕೊನೆಗೆ ಪರಲೋಕ ಪ್ರಾರ್ಥನೆ. ‘ನಿಮ್ಮ ಚಿತ್ತ ನೆರವೇರಲಿ’ ಎಂಬ ಸಾಲು ಬಂದಾಗ ಒಂದು ಉಸಿರು ನಿಲ್ಲಿ. ಬೇಡಿಕೆಗಳನ್ನು ಪುಟ್ಟ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುವವರಿದ್ದಾರೆ, ಒಳ್ಳೆಯ ಅಭ್ಯಾಸ. ಪಕ್ಕದಲ್ಲಿ ‘ಈಡೇರಿತು’, ‘ಇಲ್ಲ’ ಎಂದು ಅಂಕ ಕೊಡುವುದಕ್ಕೆ ಮಾತ್ರ ಹೋಗಬೇಡಿ.

ನಾನು ಕ್ರೈಸ್ತನಲ್ಲ. ಶಿಲುಬೆ ಹಾದಿಗೆ ಬರಬಹುದೇ?

ಬನ್ನಿ. ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಮಂಡಿಯೂರಿ, ಮುಂದೆ ಸಾಗುತ್ತಾರೆ. ನೀವು ಸುಮ್ಮನೆ ಜೊತೆಯಲ್ಲಿ ನಡೆದರೂ ಸರಿ. ಬೂದಿ ಹಚ್ಚಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಬಲಿಪೂಜೆಯಲ್ಲಿ ಕೊಡುವ ಪರಮ ಪ್ರಸಾದವನ್ನು ಮಾತ್ರ ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರು ಸ್ವೀಕರಿಸುತ್ತಾರೆ.

ಮೊದಲ ವಾರ ಉತ್ಸಾಹದಲ್ಲಿ ಶುರು ಮಾಡಿ ಮೂರನೆಯ ವಾರಕ್ಕೆ ಬಿಟ್ಟುಬಿಟ್ಟೆ. ಈಗ ಮತ್ತೆ ಶುರು ಮಾಡುವುದು ನಾಚಿಕೆ.

ನಾಚಿಕೆಪಡುತ್ತಲೇ ಶುರು ಮಾಡಿ. ತಪ್ಪಿದ ದಿನಗಳನ್ನು ಸೇರಿಸಿ ಬಡ್ಡಿಸಮೇತ ತೀರಿಸುವ ಅಗತ್ಯವಿಲ್ಲ. ಪಾಪನಿವೇದನೆಗೆ ಹೋಗಿ ಬನ್ನಿ. ಶಿಲುಬೆ ಹಾದಿಯಲ್ಲಿ ಯೇಸು ಬೀಳುವುದು ಮೂರು ಸಾರಿ.

ಪಾಸ್ಖ ಹಬ್ಬ ಬಂದರೂ ನಾನು ಕೇಳಿದ್ದು ಸಿಗದಿದ್ದರೆ?

ಕೇಳುತ್ತಿರಿ. ತಪಸ್ಸು ಕಾಲ ಮುಗಿದರೆ ಅರ್ಜಿಯ ಅವಧಿ ಮುಗಿಯುವುದಿಲ್ಲ. ಹಬ್ಬದ ದಿನ ಎಲ್ಲರೂ ಅಲ್ಲೆಲೂಯ ಹಾಡುವಾಗ ನಿಮ್ಮ ಗಂಟಲು ಕಟ್ಟಿದರೆ ಪಕ್ಕದವರು ಹಾಡಲಿ, ನೀವು ಸುಮ್ಮನೆ ನಿಂತಿರಿ. ಮೊದಲ ಪಾಸ್ಖದ ಬೆಳಿಗ್ಗೆ ಬರಿದಾದ ಸಮಾಧಿ ಕಂಡ ಹೆಂಗಸರೂ ಹಾಡಲಿಲ್ಲ, ನಡುಗುತ್ತಾ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ ಎಂದು ಮಾರ್ಕ ಬರೆಯುತ್ತಾನೆ. ತಪಸ್ಸು ಕಾಲ ನಲವತ್ತು ದಿನವಾದರೆ ಪಾಸ್ಖ ಕಾಲ ಐವತ್ತು ದಿನ. 2026ರಲ್ಲಿ ಅದು ಮೇ 24ರ ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದವರೆಗೆ ನಡೆಯುತ್ತದೆ. ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂರುವುದನ್ನು ಅಲ್ಲಿಯವರೆಗೂ ಮುಂದುವರಿಸಬಹುದು.